ಮಾಮಾನ ಕೂಗಿಗೆ ನಾಲ್ಕು ಬಟನ್

ನಾನು ಅರ್ಜಿ ಬರೆಯುವವಳು. ಚಿತ್ತಾಪುರದಲ್ಲಿ ತಹಸೀಲು ಕಚೇರಿಯ ಎದುರಿನ ಸಾಲಿನಲ್ಲಿ ನನ್ನದೊಂದು ಆನ್‌ಲೈನ್ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಬಂದವರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಜಾತಿ ಪ್ರಮಾಣಪತ್ರ, ಪಹಣಿ, ಪಿಂಚಣಿ, ಏನೇ ಇರಲಿ, "ಮಾನ್ಯರೇ" ಎಂದು ಶುರುಮಾಡಿ "ತಮ್ಮ ವಿಶ್ವಾಸಿ" ಎಂದು ಮುಗಿಸುವುದರಲ್ಲಿ ನನ್ನ ಕೈ ಪಳಗಿದೆ. ಮೂಗಿನ ತುದಿಯಲ್ಲೇ ಕೋಪ ಇರುವವಳು ಎಂದೂ ನನಗೆ ಹೆಸರಿದೆ. ದಿನವಿಡೀ "ಓಟಿಪಿ ಬಂತೇನ್ರಿ?" ಎಂದು ಕೇಳುತ್ತ ಕೂತು ನೋಡಿ, ನಿಮಗೂ ಬರುತ್ತದೆ. ಇಷ್ಟು ವರ್ಷ ಬರೆದ ಅರ್ಜಿಗಳಲ್ಲಿ ಬರೆದ ಕೂಡಲೇ ಮಂಜೂರಾದದ್ದು ಒಂದೇ ಒಂದು. ಅದನ್ನು ನಾನು ಯಾವ ಸಾಹೇಬರಿಗೂ ಬರೆದದ್ದಲ್ಲ, ಫೋನಿನ ಬ್ರೌಸರಿಗೆ ಬರೆದದ್ದು. ಬರೆದದ್ದು ನನ್ನ ಮಾಮಾನ ಸಲುವಾಗಿ.

ಮಾಮಾ ಎಂದರೆ ನನ್ನ ಅವ್ವನ ಕೊನೆಯ ತಮ್ಮ. ಶಹಾಬಾದಿನ ಒಂದು ಕಲ್ಲಿನ ಡಿಪೋದಲ್ಲಿ ಅವನದು ಕೂಗುವ ಕೆಲಸ. ಹೊರಗಿನವರಿಗೆ ಇದು ತಮಾಷೆ ಅನ್ನಿಸಬಹುದು. ಪಾಲಿಶ್ ಆಗಿ ಬಂದ ಹಾಸುಗಲ್ಲುಗಳನ್ನು ಡಿಪೋದಲ್ಲಿ ಸಾಲಾಗಿ ಒರಗಿಸಿ ನಿಲ್ಲಿಸಿರುತ್ತಾರೆ. ಲಾರಿ ಬಂದಾಗ ಮಾಮಾ ಒಂದೊಂದು ಕಲ್ಲಿನ ಮೇಲೂ ಎಡಗೈಯ ಅಂಗೈ ಇಟ್ಟು, ಬಲಗೈಯ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾನೆ. ಒಳ್ಳೆಯ ಕಲ್ಲು ಕಂಚಿನ ತಟ್ಟೆಯ ಹಾಗೆ ಠಣ್ ಎನ್ನುತ್ತದೆ. ಒಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ಆ ಸದ್ದು ಸತ್ತಿರುತ್ತದೆ. ಒಳ್ಳೆಯದಕ್ಕೆ "ಎತ್ರಿ!" ಎಂದು ಕೂಗುತ್ತಾನೆ, ಬಿರುಕಿನದಕ್ಕೆ ಪಕ್ಕಕ್ಕಿಡಿ ಎಂಬರ್ಥದಲ್ಲಿ "ಬಾಜೂ!" ಎಂದು. ಕಲ್ಲು ಲಾರಿಯ ಹತ್ತಿರ ಹೋಗುವಾಗ ನಿಧಾನಿಸಬೇಕಾದರೆ "ಸಾವಕಾಶ್", ಅಪಾಯ ಕಂಡು ನಿಲ್ಲಿಸಬೇಕಾದರೆ "ರುಕ್". ಈ ನಾಲ್ಕು ಮಾತಿನಲ್ಲಿ ಅವನ ಇಪ್ಪತ್ತೈದು ವರ್ಷ ಕಳೆದಿತ್ತು. ಕಲ್ಲು ಎತ್ತುವ ಹಮಾಲರು ಅವನ ಮುಖ ನೋಡುವುದಿಲ್ಲ, ನೋಡಲು ಆಗುವುದೂ ಇಲ್ಲ. ಎರಡೂ ಕೈಯಲ್ಲಿ ಕಲ್ಲು, ಕಣ್ಣು ಕಲ್ಲಿನ ಅಂಚಿನ ಮೇಲೆ, ಜೀವವೆಲ್ಲ ಕಾಲ್ಬೆರಳುಗಳ ಮೇಲೆ. ಅವರಿಗೆ ಉಳಿದಿರುವುದು ಕಿವಿ ಒಂದೇ.

ಅದಕ್ಕೇ ಆ ಡಿಪೋದಲ್ಲಿ ಒಂದು ಕಟ್ಟುನಿಟ್ಟು ಇದೆ. ಕಲ್ಲು ಮುಟ್ಟಿದವನೇ ಕೂಗಬೇಕು. ದೂರ ನಿಂತು ಮಾಲೀಕನೇ "ಎತ್ರಿ" ಅಂದರೂ ಯಾರೂ ಎತ್ತುವುದಿಲ್ಲ, ಸುಮ್ಮನೆ ನಿಂತಿರುತ್ತಾರೆ. ಮುಟ್ಟದವನಿಗೆ ಆ ಕಲ್ಲಿನ ಒಳಗು ಏನು ಗೊತ್ತು ಎಂಬ ಲೆಕ್ಕ.

ಕಳೆದ ವರ್ಷ ಮಾಮಾನ ಗಂಟಲಲ್ಲಿ ಗಡ್ಡೆ ಬೆಳೆಯಿತು. ಕಲಬುರಗಿಯಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಈಗ ಕುತ್ತಿಗೆಯಲ್ಲಿರುವ ಸಣ್ಣ ತೂತಿನಿಂದ ಉಸಿರಾಡುತ್ತಾನೆ, ಅದರ ಮೇಲೆ ಸದಾ ಒಂದು ಒದ್ದೆ ಬಟ್ಟೆ. ಪಾಲಿಶ್ ಶೆಡ್ಡಿನ ಒಳಗೆ ಕಾಲಿಡಬೇಡ, ಬಯಲಲ್ಲಿ ಬಟ್ಟೆ ಕಟ್ಟಿಕೊಂಡು ಓಡಾಡಬಹುದು ಎಂದು ಡಾಕ್ಟರ್ ಹೇಳಿದ್ದರು. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನೂ ತೋರಿಸಿದ್ದರು. ಮನೆಯಲ್ಲಿ ಅದು ಗುಂಯ್ ಎಂದು ಏನೋ ಹೇಳುತ್ತಿತ್ತು. ಲಾರಿಯ ಎಂಜಿನ್ ಮುಂದೆ ಅದು ನೊಣಕ್ಕೆ ಸಮ.

ಅವನ ಮನೆಯ ನೆಲವೂ ಶಹಾಬಾದಿನ ಕಲ್ಲೇ. ಹೇಳಬೇಕಾದ್ದನ್ನೆಲ್ಲ ಮಾಮಾ ಸೀಮೆಸುಣ್ಣದಲ್ಲಿ ಆ ನೆಲದ ಮೇಲೆ ಬರೆಯುತ್ತಿದ್ದ. ನನ್ನ ಅತ್ತಿ, ಅಂದರೆ ಮಾಮಾನ ಹೆಂಡತಿ, ಚಿಂಚೋಳಿಯ ಆಚೆಯ ಹಳ್ಳಿಯವಳು. ಮಾತಿನಲ್ಲಿ ಅರ್ಧ ತೆಲುಗು, ಓದಿನಲ್ಲಿ ನಿಧಾನ. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಮಾಮಾನಿಗೆ ತಾಳ್ಮೆ ಕೆಟ್ಟು ಕಾಲಿನಿಂದ ಅಳಿಸಿಬಿಡುತ್ತಿದ್ದ. ತಾಳ್ಮೆ ಇಲ್ಲದಿರುವುದು ನಮ್ಮ ಅವ್ವನ ತವರಿನ ಆಸ್ತಿ. ಅದರಲ್ಲಿ ನನಗೂ ಪಾಲು ಬಂದಿದೆ.

ಶ್ರಾವಣದಲ್ಲಿ ನಾನು ಹೋದಾಗ ಅತ್ತಿ ಬಾಗಿಲಲ್ಲೇ ನನ್ನನ್ನು ಪಕ್ಕಕ್ಕೆ ಕರೆದಳು.

"ಡಿಪೋದ ಸೇಠ್ ಅವರು ಗೇಟಿನ ಹಂತೇಲಿ ಕುರ್ಚಿ ಹಾಕಿಕೊಡ್ತೀನಿ, ವಾಚ್‌ಮನ್ ಆಗಿ ಕುಂದ್ರು ಅಂದಾರ. ಇಂವ ಒಲ್ಲೆ ಅಂತಾನ. ದಸರಾ ಆದ ಮ್ಯಾಲ ಸೇಡಂನಿಂದ ಬ್ಯಾರೆ ಕೂಗೋನ್ನ ಕರಸ್ತಾರಂತ."

ಒಳಗೆ ಮಾಮಾ ಗೋಡೆಗೆ ಒರಗಿ ಕೂತಿದ್ದ. ನನ್ನನ್ನು ಕಂಡು ಅವನೇ ಸೀಮೆಸುಣ್ಣ ಎತ್ತಿಕೊಂಡು ಬರೆದ: "ಕುರ್ಚಿ ಮ್ಯಾಲ ಕುಂದ್ರಸಿದ್ರ ನಾ ಸತ್ತಂಗ." ಬರೆದು, ಅಳಿಸದೆ ಹಾಗೇ ಬಿಟ್ಟ. ದೂರದಲ್ಲಿ ಲಾರಿಯೊಂದು ಹಿಂದಕ್ಕೆ ಬರುವ ಸದ್ದು ಕೇಳಿಸುತ್ತಿತ್ತು, ಅವನ ಕಣ್ಣು ಆ ಕಡೆಗೇ ಹೋಯಿತು. ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು ಹೊತ್ತುಕೊಂಡು ವಾಡಿಯಲ್ಲಿ ಗಾಡಿ ಬದಲಿಸಿ ಊರಿಗೆ ಬಂದೆ.

ಮದುವೆಗೆ ಮುಂಚೆ ಸೇಡಂನಲ್ಲಿ ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ. ಅಲ್ಲಿ ಎಚ್‌ಟಿಎಂಎಲ್ ಕಲಿಸಿದ್ದರು. ಅದರಲ್ಲಿ ನೆನಪಿದ್ದದ್ದು ಇಷ್ಟೇ: ಟ್ಯಾಗ್ ತೆರೆಯಬೇಕು, ಟ್ಯಾಗ್ ಮುಚ್ಚಬೇಕು, ಅಕ್ಷರಗಳನ್ನು ಬಲದಿಂದ ಎಡಕ್ಕೆ ಓಡಿಸಬಹುದು. "ಸುಸ್ವಾಗತ" ಎಂಬ ಪದವನ್ನು ಕೆಂಪು ಬಣ್ಣದಲ್ಲಿ ಓಡಿಸಿ ಅಂದು ನಾನು ಬೀಗಿದ್ದು ನೆನೆದರೆ ಈಗ ನಗು ಬರುತ್ತದೆ. ಆ ವಿದ್ಯೆಯಿಂದಲೇ ನನ್ನ ಅಂಗಡಿಗೆ ಒಂದು ಪುಟ ಮಾಡಿಕೊಂಡಿದ್ದೆ. ಯಾವ ಅರ್ಜಿಗೆ ಯಾವ ಕಾಗದ ಬೇಕು ಎಂಬ ಪಟ್ಟಿ ಅದರಲ್ಲಿತ್ತು. ಓದಲು ಬಾರದವರಿಗೆ ಆ ಪಟ್ಟಿಯನ್ನು ಫೋನೇ ಓದಿ ಹೇಳುವಂತಿದ್ದರೆ ನನ್ನ ಗಂಟಲಾದರೂ ಉಳಿದೀತು ಎಂದು ಹಿಂದೊಮ್ಮೆ ಹುಡುಕಿದ್ದೆ. ಅದಕ್ಕೆ ಪ್ರೋಗ್ರಾಮ್ ಬರೆಯಬೇಕು ಎಂದು ತಿಳಿದು ಕೈಬಿಟ್ಟಿದ್ದೆ. ಪ್ರೋಗ್ರಾಮ್ ಎಂದರೆ ನನಗೆ ಆಗ ಆನೆ, ಈಗಲೂ ಆನೆ.

ಈ ಸಲ ಬಿಡಲಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಹುಡುಕಿದೆ. ಯಾರೋ ಪುಣ್ಯಾತ್ಮರು ಒಂದು ಸಣ್ಣ ಕಡತ ಬರೆದು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿದ್ದರು. ಅದನ್ನು ಪುಟಕ್ಕೆ ಒಂದು ಸಾಲಿನಲ್ಲಿ ಜೋಡಿಸಿಕೊಂಡರೆ ಆಯಿತು. ಆಮೇಲೆ ಪ್ರೋಗ್ರಾಮ್ ಬೇಡ. ಯಾವ ಬಟನ್ ಮಾತಾಡಬೇಕೋ ಆ ಬಟನ್ನಿನ ಟ್ಯಾಗಿನ ಒಳಗೇ "ಮಾತಾಡು" ಎಂಬರ್ಥದ ಒಂದು ಪದ ಬರೆದು, ಅದರ ಮುಂದೆ ಆಡಬೇಕಾದ ಮಾತು ಬರೆದರೆ ಸಾಕು. ಹೀಗೆಯೇ ಫೋನು ನಡುಗಬೇಕಾದರೆ ಒಂದು ಪದ. ಪರದೆ ಎಚ್ಚರವಾಗಿರಬೇಕಾದರೆ ಒಂದು ಪದ. ಈ ಶಕ್ತಿಗಳೆಲ್ಲ ಬ್ರೌಸರಿನ ಒಳಗೆ ಆಗಲೇ ಇವೆಯಂತೆ. ದಿನಾ ಫಾರಂ ತುಂಬುತ್ತಿದ್ದೆನಲ್ಲ, ಅದೇ ಬ್ರೌಸರಿನೊಳಗೆ! ನಾನು ಕರೆಯದೇ ಇದ್ದುದರಿಂದ ಅವು ಸುಮ್ಮನಿದ್ದವು.

ನಂಬಿಕೆ ಬರಲಿಲ್ಲ. ಪರೀಕ್ಷೆಗೆ ಒಂದು ಪುಟ ಮಾಡಿ, ಅದು ತೆರೆದುಕೊಂಡ ಕೂಡಲೇ ತಾನೇ "ನಮಸ್ಕಾರ" ಎನ್ನುವ ಹಾಗೆ ಬರೆದೆ. ಫೋನಿನಲ್ಲಿ ತೆರೆದೆ. ಸದ್ದಿಲ್ಲ. ಮುಚ್ಚಿ ತೆರೆದೆ, ಸದ್ದಿಲ್ಲ. ಫೋನ್ ಹಳೆಯದಾಯಿತು ಎಂದೆ, ಸ್ಪೀಕರಿಗೆ ಧೂಳು ಹೊಕ್ಕಿದೆ ಎಂದೆ, ಕಡತ ಬರೆದ ಪುಣ್ಯಾತ್ಮರನ್ನೂ ನಾಲ್ಕು ಮಾತು ಬೈದೆ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಒಂದು ಇಡೀ ದಿನ ನಾನು ಅಂಗಳವನ್ನೇ ಬೈಯುತ್ತ ಕಳೆದೆ. ಮರುದಿನ ಸಮಾಧಾನದಿಂದ ಓದಿದಾಗ ಗೊತ್ತಾಯಿತು. ಪುಟ ತನ್ನಷ್ಟಕ್ಕೆ ತಾನೇ ಮಾತಾಡುವ ಹಾಗಿಲ್ಲ. ಮೊದಲು ಒಬ್ಬ ಮನುಷ್ಯ ಬೆರಳಿನಿಂದ ಅದನ್ನು ಮುಟ್ಟಬೇಕು. ಮುಟ್ಟುವ ತನಕ ಬ್ರೌಸರ್ ಬಾಯಿ ಬಿಡಲು ಬಿಡುವುದಿಲ್ಲ. ಅದು ಕೆಟ್ಟದ್ದಲ್ಲ, ಅದರ ಕಾಯದೆ.

ಒಂದು ಬಟನ್ ಮಾಡಿ, ಅದರ ಟ್ಯಾಗಿನೊಳಗೆ ಆ ಪದ ಬರೆದು, ಬೆರಳು ಇಟ್ಟೆ.

"ನಮಸ್ಕಾರ" ಎಂದಿತು ಫೋನ್.

ನನ್ನ ಮೈಮೇಲಿನ ಕೂದಲು ಎದ್ದು ನಿಂತವು. ಉತ್ಪ್ರೇಕ್ಷೆ ಮಾಡುತ್ತಿಲ್ಲ, ತೋಳು ನೋಡಿಕೊಂಡೆ. ಹೇಗೆ ಮಾತಾಡಬೇಕು ಎಂದು ನಾನು ಅದಕ್ಕೆ ಹೇಳಿರಲಿಲ್ಲ. ಉಸಿರು ಎಲ್ಲಿ ಎಳೆಯಬೇಕು, ಯಾವ ಅಕ್ಷರವನ್ನು ಎಷ್ಟು ಹೊತ್ತು ನುಡಿಯಬೇಕು ಎಂಬುದು ನನಗೇ ಗೊತ್ತಿಲ್ಲ. ಮಾತಾಡು ಎಂದು ಬರೆದೆ, ಮಾತಾಡಿತು. ಯಾರ ಸಹಿಯೂ ಬೇಕಾಗಲಿಲ್ಲ. ನಾಳೆ ಬಾ ಎನ್ನಲಿಲ್ಲ. ಝೆರಾಕ್ಸ್ ಪ್ರತಿ ಲಗತ್ತಿಸು ಎನ್ನಲಿಲ್ಲ. ಕುರ್ಚಿಯಲ್ಲಿ ಕಾಯುತ್ತಿದ್ದ ಮುದುಕಿ "ಯಾರವ್ವ ಮಾತಾಡಿದ್ದು?" ಎಂದು ಸುತ್ತ ನೋಡಿದಳು. ಅವಳ ಬೆರಳನ್ನೂ ಹಿಡಿದು ಬಟನ್ ಒತ್ತಿಸಿದೆ. ಅವಳು ಫೋನಿಗೆ ಕೈ ಮುಗಿದಳು. ನಾನು ನಗಲಿಲ್ಲ, ನನಗೂ ಹಾಗೇ ಅನ್ನಿಸಿತ್ತು.

ಮಾಮಾನಿಗಾಗಿ ಪುಟ ಮಾಡಿದೆ. ಪರದೆಯ ತುಂಬ ನಾಲ್ಕು ದೊಡ್ಡ ಬಟನ್. ಹಸಿರು, ಹಳದಿ, ನೀಲಿ, ಕೆಂಪು. ಸುತ್ತಿಗೆ ಹಿಡಿದ ಕೈಯ ಹೆಬ್ಬೆರಳೂ ತಪ್ಪದಷ್ಟು ದೊಡ್ಡವು. ಎಂಜಿನ್ ಸದ್ದಿನಲ್ಲಿ ಕೂಗು ಹೊರಟಿತೋ ಇಲ್ಲವೋ ಅವನಿಗೆ ತಿಳಿಯಬೇಕಲ್ಲ, ಅದಕ್ಕಾಗಿ ಒತ್ತಿದಾಗ ಫೋನ್ ನಡುಗುವಂತೆ ಇನ್ನೊಂದು ಪದ ಸೇರಿಸಿದೆ. ತರಕಾರಿ ಮಾರುವವರು ಗಾಡಿಗೆ ಕಟ್ಟಿಕೊಳ್ಳುವಂಥ ಸ್ಪೀಕರ್ ಒಂದನ್ನು ಕೊಂಡು, ಅದಕ್ಕೆ ಫೋನ್ ಜೋಡಿಸಿ, ಎಲ್ಲ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು ಭಾನುವಾರ ಶಹಾಬಾದಿಗೆ ಹೋದೆ.

ಮಾಮಾ ಹಸಿರು ಬಟನ್ ಒತ್ತಿದ. ಸ್ಪೀಕರಿನಿಂದ ಒಬ್ಬ ಹೆಂಗಸಿನ ದನಿ ಬಲು ಇಂಪಾಗಿ ಹೇಳಿತು: "ದಯವಿಟ್ಟು ಈ ಕಲ್ಲನ್ನು ಲಾರಿಯ ಮೇಲೆ ಏರಿಸಬೇಕಾಗಿ ವಿನಂತಿ."

ಅತ್ತಿ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಮಾಮಾನ ಭುಜಗಳು ಕುಲುಕಿದವು. ಸದ್ದಿಲ್ಲದ ನಗು, ಆಪರೇಷನ್ ಆದ ಮೇಲೆ ನಾನು ನೋಡಿದ ಮೊದಲ ನಗು. ಅರ್ಜಿ ಬರೆದು ಬರೆದು ನನ್ನ ಬುದ್ಧಿಯೇ ಅರ್ಜಿಯಾಗಿತ್ತು. ಕಲ್ಲು ಹೊರುವವನಿಗೆ ವಿನಂತಿ ಮಾಡುತ್ತ ನಿಂತರೆ ಅಷ್ಟರಲ್ಲಿ ಅವನ ಸೊಂಟ ಹೋಗಿರುತ್ತದೆ. ಮಾಮಾ ನೆಲದ ಮೇಲೆ ತನ್ನ ನಾಲ್ಕು ಮಾತು ಬರೆದ. ಅವನ್ನೇ ಟ್ಯಾಗಿನೊಳಗೆ ಇಟ್ಟೆ. ದನಿಯನ್ನು ತಗ್ಗಿಸಲೂ ಒಂದು ಪದ, ವೇಗ ಹೆಚ್ಚಿಸಲೂ ಒಂದು ಪದ ಇದ್ದವು. ಒಂದೊಂದೇ ಅಂಕಿ ಬದಲಿಸಿ ಕೇಳಿಸಿದೆ. ಹೆಂಗಸಿನ ದನಿ ಇಳಿದು ಇಳಿದು, ಗಂಡಸಿನದೂ ಅಲ್ಲದ ಹೆಂಗಸಿನದೂ ಅಲ್ಲದ, ಯಾರದೂ ಅಲ್ಲದ ಒಂದು ಗಡಸು ದನಿಯಾಯಿತು. ಮಾಮಾ ಕೈ ಎತ್ತಿ ಸಾಕು ಎಂದ.

"ಉಸ್ತಾದ್ ದನೀನ ರೆಕಾರ್ಡ್ ಮಾಡಿ ಹಾಕ್ಲೇನು ಮಾಮಾ? ಗಂಡಸಿನ ದನಿ ಇರ್ತದ" ಎಂದು ಕೇಳಿದೆ. ಉಸ್ತಾದ್ ಎಂದರೆ ಹಮಾಲರ ಮೇಸ್ತ್ರಿ, ಹರೆಯದಿಂದಲೂ ಮಾಮಾನ ಜೊತೆಗಾರ. ಮಾಮಾ ಹಾಸಿಗೆ ಹಿಡಿದ ಮೇಲೆ ಎತ್ತುವುದೂ ಅವನೇ, ಕೂಗುವುದೂ ಅವನೇ ಆಗಿ, ಒಂದೆರಡು ಸಲ ಕೈ ಜಜ್ಜಿಕೊಂಡಿದ್ದ.

ಮಾಮಾ ತಲೆ ಅಲ್ಲಾಡಿಸಿ ಬರೆದ: "ಹಂಗಾದ್ರ ಕೂಗೋನು ಉಸ್ತಾದ್ ಆಗ್ತಾನ. ಇದು ಯಾರ ದನೀನೂ ಅಲ್ಲ. ಇದು ನನಗ ಇರಲಿ."

ಅತ್ತಿ ಹಳೆಯ ಖಣದಿಂದ ಒಂದು ಚೀಲ ಹೊಲಿದಳು. ಎದುರಿಗೆ ಪಾರದರ್ಶಕ ಪ್ಲಾಸ್ಟಿಕ್, ಹಿಂದೆ ಎರಡು ಪಟ್ಟಿ. ಫೋನನ್ನು ಅದರಲ್ಲಿಟ್ಟು ಮಾಮಾನ ಎಡ ಮುಂಗೈಗೆ ಕಟ್ಟಿದಳು. ಹೀಗೆ ಕಟ್ಟಿದರೆ ಅಂಗೈ ಕಲ್ಲಿನ ಮೇಲಿಡಲು ಖಾಲಿ ಉಳಿಯುತ್ತದೆ. ಇದು ನನಗೆ ಹೊಳೆದೇ ಇರಲಿಲ್ಲ.

ಸೋಮವಾರ ಅಂಗಡಿ ತೆಗೆಯದೆ ಅಲ್ಲೇ ಉಳಿದು, ಮಾಮಾನ ಹಿಂದೆ ಡಿಪೋಗೆ ಹೋದೆ. ಉಸ್ತಾದ್ ಅವನನ್ನು ತಬ್ಬಿಕೊಂಡ. ಸ್ಪೀಕರನ್ನು ಲಾರಿಯ ಹಲಗೆಗೆ ಕಟ್ಟಿದರು. ಮೊದಲ ಐದಾರು ಸಣ್ಣ ಕಲ್ಲುಗಳು ಏರಿದವು. ಹಮಾಲರಿಗೆ ಅದು ಆಟ, "ಯಾರಪ್ಪ ಈ ಹೊಸಾ ಮಾಮಾ?" ಎಂದು ನಗುತ್ತ ಎತ್ತುತ್ತಿದ್ದರು. ಆಮೇಲೆ ದೊಡ್ಡದೊಂದು ಬಂತು. ಬಡಿದ, ಒತ್ತಿದ, "ಎತ್ರಿ!" ಎಂದಿತು. ಇಬ್ಬರು ಎತ್ತಿ ಎದೆಮಟ್ಟಕ್ಕೆ ತಂದು ಹೆಜ್ಜೆ ಇಡುತ್ತ ಹೋದರು. ಲಾರಿಯ ಹತ್ತಿರ ಹಿಂದಿನವನ ಕಾಲು ಹಗ್ಗದ ಸುರುಳಿಗೆ ತಗುಲುವುದರಲ್ಲಿತ್ತು. ಮಾಮಾ ಕೆಂಪು ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ. ಫೋನಿನ ಪರದೆ ಕಪ್ಪಾಗಿತ್ತು. ಅರ್ಧ ನಿಮಿಷ ಯಾರೂ ಮುಟ್ಟದಿದ್ದರೆ ಅದು ತಾನೇ ನಿದ್ದೆ ಹೋಗುತ್ತದೆಯಲ್ಲ, ಹೋಗಿತ್ತು. ಮಾಮಾ ಸುತ್ತಿಗೆಯಿಂದ ಲಾರಿಯ ಹಲಗೆಗೆ ಬಡಿದ. ಆ ಸದ್ದಿಗೆ ಏನು ಅರ್ಥ ಎಂದು ಹಮಾಲರಿಗೆ ತಿಳಿಯಲಿಲ್ಲ. ಒಬ್ಬ ನಿಂತ, ಒಬ್ಬ ನಡೆದ, ಕಲ್ಲು ವಾಲಿ ಅದರ ಮೂಲೆ ಹಿಂದಿನವನ ಪಾದದ ಪಕ್ಕದಲ್ಲಿ ನೆಲಕ್ಕೆ ಬಡಿಯಿತು. ಒಂದು ಬೆರಳಿನ ಅಂತರ.

ಎಚ್ಚರವಾಗಿರು ಎಂಬ ಪದ ಇದೆ ಎಂದು ಓದಿದ್ದೆ. ಬರೆದಿರಲಿಲ್ಲ. ಬಣ್ಣ ಹಚ್ಚುವುದರಲ್ಲಿ ಎರಡು ದಿನ ಕಳೆದವಳು ಆ ಒಂದು ಪದ ಮರೆತಿದ್ದೆ.

ಉಸ್ತಾದ್ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದ.

"ನೋಡ್ ತಂಗಿ, ನಿನ್ನ ಫೋನ್ ಭಾಳ ಶಾಣ್ಯಾ ಅದ. ಖರೆ ಅದು ಕಲ್ಲು ಮುಟ್ಟಿಲ್ಲ. ತನಗ ಬೇಕಾದಾಗ ಮಾತಾಡ್ತದ, ಬ್ಯಾಡಾದಾಗ ಸುಮ್ಮನಿರ್ತದ. ಮುಟ್ಟದಾಂವ ಕರೆದ್ರ ನಾವು ಎತ್ತಲ್ಲ. ಕಲ್ಲಿನ ಕೆಳಗ ನಮ್ಮ ಕಾಲು ಇರ್ತಾವ."

ಮಾಮಾ ಮುಂಗೈಯಿಂದ ಚೀಲ ಬಿಚ್ಚಿ ನನ್ನ ಕೈಗೆ ಕೊಟ್ಟ. ಸುತ್ತಿಗೆಯನ್ನು ಉಸ್ತಾದನಿಗೆ ಕೊಟ್ಟ. ಆಮೇಲೆ ನಡೆದು ಹೋಗಿ ಗೇಟಿನ ಬಳಿ ಇಟ್ಟಿದ್ದ ಕುರ್ಚಿಯ ಮೇಲೆ ಕೂತ. ಕಾಲು ಜೋಡಿಸಿ, ಕೈ ತೊಡೆಯ ಮೇಲಿಟ್ಟು, ದವಾಖಾನೆಯಲ್ಲಿ ಸರತಿಗೆ ಕಾಯುವವನ ಹಾಗೆ. ನಾನು ಎದುರಿಗೆ ಹೋಗಿ ನಿಂತರೂ ತಲೆ ಎತ್ತಲಿಲ್ಲ. ಆ ಹೊತ್ತಿನಲ್ಲಿ ನನ್ನ ಮೇಲೆ ನನಗೆ ಹುಟ್ಟಿದ ಅಸಹ್ಯವನ್ನು ಈಗಲೂ ನೆನೆಯಲಾರೆ. ಬಾಯಿಲ್ಲದವನಿಗೆ ಬಾಯಿ ಕೊಡುತ್ತೇನೆಂದು ಹೋಗಿ, ಅವನು ಒಲ್ಲೆ ಒಲ್ಲೆ ಎಂದ ಕುರ್ಚಿಯಲ್ಲಿ ನಾನೇ ಕೂರಿಸಿದ್ದೆ.

ದಸರಾಕ್ಕೆ ಒಂಬತ್ತು ದಿನ ಇತ್ತು. ಊರಿಗೆ ಬಂದವಳೇ ಅಂಗಡಿ ತೆಗೆದು, ಪುಟದ ಮೊದಲ ಟ್ಯಾಗಿನೊಳಗೆ ಆ ಪದ ಬರೆದೆ. ಒಂದೇ ಪದ, ಮುಂದೆ ಏನೂ ಇಲ್ಲ. ಫೋನನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತೆ. ಒಂದು ನಿಮಿಷ, ಐದು ನಿಮಿಷ. ಒಬ್ಬರ ಆದಾಯ ಪ್ರಮಾಣಪತ್ರ ತುಂಬಿ ಮುಗಿಸಿ ನೋಡಿದೆ, ಮಿಟುಕದೆ ಉರಿಯುತ್ತಿತ್ತು. ಊಟ ಮಾಡಿ ಬಂದು ನೋಡಿದೆ, ಉರಿಯುತ್ತಲೇ ಇತ್ತು. ಯಾರೂ ಮುಟ್ಟದೆ, ಯಾರೂ ಕಾಯದೆ, ಒಂದು ಪದದ ಮಾತಿಗೆ ಕಟ್ಟುಬಿದ್ದು ಎಚ್ಚರವಾಗಿ ಕೂತಿತ್ತು. ಮನುಷ್ಯರಿಗೆ ಹೀಗೆ ಹೇಳಿ ನೋಡಿ! ಎಲ್ಲೋ ಕೂತ, ನನ್ನ ಭಾಷೆ ಬಾರದ, ಕಲ್ಲಿನ ಡಿಪೋ ಕಂಡಿರದ ಜನ, ಒಂದು ದಿನ ಯಾರಿಗಾದರೂ ಬೇಕಾದೀತು ಎಂದು ಇದನ್ನು ಬ್ರೌಸರಿನೊಳಗೆ ಇಟ್ಟಿದ್ದಾರೆ. ಇನ್ಯಾರೋ ಅದಕ್ಕೊಂದು ಪದದ ಹಿಡಿಕೆ ಹಾಕಿ ನನ್ನಂಥವಳ ಕೈಗೂ ಎಟುಕಿಸಿದ್ದಾರೆ. ಕಣ್ಣು ಒದ್ದೆಯಾಯಿತು. ಗಿರಾಕಿಗಳ ಮುಂದೆ ಅಳುವ ಅಭ್ಯಾಸ ನನಗಿಲ್ಲ, ಆದರೂ ಆಯಿತು.

ಆದರೆ ಉಸ್ತಾದನ ಮಾತು ಬಾಕಿ ಇತ್ತು. ಎಚ್ಚರವಾಗಿದ್ದರೆ ಸಾಲದು, ಕಲ್ಲು ಮುಟ್ಟಿರಬೇಕು. ಎರಡು ದಿನ ಅದನ್ನೇ ಮೆಲುಕು ಹಾಕಿದೆ. "ತನಗ ಬೇಕಾದಾಗ ಮಾತಾಡ್ತದ" ಅಂದಿದ್ದನಲ್ಲ ಅವನು, ಆ ಮಾತಿಗೆ ಬಂದು ನಿಂತೆ. ಅದು ಸುಳ್ಳು. ಅದು ಸುಳ್ಳು ಎಂದು ಒಂದು ದಿನವಿಡೀ ಫೋನನ್ನು ಬೈದು ಕಲಿತವಳು ನಾನೇ ಅಲ್ಲವೇ!

ಮತ್ತೆ ಶಹಾಬಾದಿಗೆ ಹೋದೆ. ಮಾಮಾ ಬರಲು ಒಪ್ಪಲಿಲ್ಲ, ಅತ್ತಿ ಕೈ ಹಿಡಿದು ಎಬ್ಬಿಸಿದಳು. ಡಿಪೋದಲ್ಲಿ ಚಹಾದ ಹೊತ್ತು. ಉಸ್ತಾದನ ಎದುರಿಗೆ ಫೋನ್ ಹಿಡಿದೆ.

"ಉಸ್ತಾದ್, ನಿಮ್ಮ ಕಾಯದೆ ಇದಕ್ಕೂ ಅದ. ಮನಷ್ಯಾ ಮುಟ್ಟೋ ತನಕ ಇದು ಬಾಯಿ ಬಿಡಂಗಿಲ್ಲ. ನಾ ಬರದದ್ದಲ್ಲ ಈ ಕಾಯದೆ, ಇದನ್ನ ಮಾಡಿದವರೇ ಹಾಕ್ಯಾರ."

"ಖರೇನ?"

"ನೀವೇ ನೋಡ್ರಿ."

ಪುಟವನ್ನು ಮುಚ್ಚಿ, ತಾನೇ "ನಮಸ್ಕಾರ" ಎನ್ನಬೇಕಾದ ಆ ಹಳೆಯ ಪರೀಕ್ಷೆಯ ಪುಟ ತೆರೆದು ಒಂದು ಹಾಸುಗಲ್ಲಿನ ಮೇಲಿಟ್ಟೆ. ಏನು ಬರೆದಿದ್ದೇನೆ ಎಂದು ಓದಿ ಹೇಳಿದೆ. "ಈಗ ತಾನೇ ಮಾತಾಡು ಅಂತ ಹುಕುಂ ಅದ ಇದಕ್ಕ. ಮಾತಾಡ್ತದೇನು ನೋಡ್ರಿ." ಹಮಾಲರು ಚಹಾದ ಲೋಟ ಹಿಡಿದು ಸುತ್ತ ನಿಂತರು. ಉಸ್ತಾದ್ ಬಗ್ಗಿ ಕಿವಿ ಕೊಟ್ಟ. ಫೋನ್ ಸುಮ್ಮನಿತ್ತು. ಒಬ್ಬ ಕೆಮ್ಮಿದ, ಉಸ್ತಾದ್ ಅವನನ್ನು ಕಣ್ಣಿನಲ್ಲೇ ಗದರಿಸಿದ. ಫೋನ್ ಸುಮ್ಮನೇ ಇತ್ತು. ನನಗೆ ಗೊತ್ತಿದ್ದರೂ ಭಯ, ಎಲ್ಲಾದರೂ ಅಂದುಬಿಟ್ಟರೆ ಎಂದು. ಆಮೇಲೆ ಮಾಮಾನ ಪುಟ ತೆರೆದು ಮತ್ತೆ ಅಲ್ಲೇ ಇಟ್ಟೆ. ಉಸ್ತಾದ್ ಮಾಮಾನ ಬಲಗೈ ಹಿಡಿದು, ಅದರ ಹೆಬ್ಬೆರಳನ್ನು ತಾನೇ ತಂದು ಹಸಿರು ಬಟನ್ನಿನ ಮೇಲೆ ಇಟ್ಟ.

"ಎತ್ರಿ!"

ಹಮಾಲರಲ್ಲಿ ಒಬ್ಬ "ಯಾ ಅಲ್ಲಾ" ಎಂದ, ಇನ್ನೊಬ್ಬ "ಶಿವ ಶಿವಾ" ಎಂದ. ಉಸ್ತಾದ್ ಬಹಳ ಹೊತ್ತು ಆ ಬೆರಳನ್ನೇ ನೋಡುತ್ತಿದ್ದ. ಅದೇ ಬೆರಳು ಎಷ್ಟು ವರ್ಷ ಸುತ್ತಿಗೆ ಹಿಡಿದಿತ್ತು ಎಂದು ಅವನಿಗಿಂತ ಬಲ್ಲವರು ಯಾರು?

"ಅಂದ್ರ ಇಂವ ಕಲ್ಲು ಮುಟ್ಟತಾನ, ಇಂವನೇ ಇದನ್ನ ಮುಟ್ಟತಾನ. ನಡುವ ಮತ್ಯಾರೂ ಇಲ್ಲ."

"ಮತ್ಯಾರೂ ಇಲ್ಲ ಉಸ್ತಾದ್."

"ನಿದ್ದಿ ಹೋದ್ರ?"

"ಇನ್ನ ಹೋಗಂಗಿಲ್ಲ. ಬರೆದೀನಿ."

ಉಸ್ತಾದ್ ಸೊಂಟದಿಂದ ಸುತ್ತಿಗೆ ತೆಗೆದು ಮಾಮಾನ ಕೈಗಿಟ್ಟ. "ಬರ್ರಿ" ಎಂದು ಹಮಾಲರನ್ನು ಕರೆದ. ಮುಂದಿನ ತುದಿಯನ್ನು ತಾನೇ ಹಿಡಿಯಲು ನಿಂತ, ಅಪಾಯದ ತುದಿ ಅದು. ಯಾರ ಕಾಲಾದರೂ ಹೋಗುವುದಾದರೆ ತನ್ನದೇ ಹೋಗಲಿ ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

ಫೋನನ್ನು ಮಾಮಾನ ಮುಂಗೈಗೂ ಸ್ಪೀಕರನ್ನು ಲಾರಿಯ ಹಲಗೆಗೂ ಮತ್ತೆ ಕಟ್ಟಿದೆ. ಈ ಸಲ ಯಾರೂ ನಗಲಿಲ್ಲ. ಮಾಮಾ ಅಂಗೈ ಇಟ್ಟ, ಬಡಿದ, ಒತ್ತಿದ. "ಎತ್ರಿ!" ಒಂದು ಏರಿತು. ಮತ್ತೊಂದು. "ಬಾಜೂ!" ಎಂದಾಗ ಪಕ್ಕಕ್ಕೆ ಸರಿಯಿತು. ಹತ್ತು ಹನ್ನೆರಡು ಕಲ್ಲಾದ ಮೇಲೆ ಹಮಾಲರ ಹೆಜ್ಜೆ ಹಗುರಾದದ್ದು ನನಗೆ ಕಾಣಿಸಿತು. ನಾನು ಮಾತ್ರ ಪರದೆಯ ಬೆಳಕು ಆರಿತೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆ.

ಆಮೇಲೆ ಎಲ್ಲಕ್ಕಿಂತ ದೊಡ್ಡ ಕಲ್ಲು. ಮಾಮಾ ಮೂರು ಕಡೆ ಬಡಿದ. ಮೂರು ಕಡೆಯೂ ಠಣ್. "ಎತ್ರಿ!" ನಾಲ್ವರು ಎತ್ತಿದರು, ಉಸ್ತಾದ್ ಮುಂದೆ. ಲಾರಿಗೆ ಇನ್ನೆರಡು ಹೆಜ್ಜೆ ಇರುವಾಗ ಕಲ್ಲಿನೊಳಗೆ ಎಲ್ಲೋ ಟಿಕ್ ಎಂದಿತಂತೆ. ನನಗೆ ಕೇಳಿಸಲಿಲ್ಲ, ಎತ್ತಿದವರಿಗೂ ಕೇಳಿಸಲಿಲ್ಲ. ಎಂಜಿನ್ ಗುರ್ರೆನ್ನುತ್ತಿತ್ತು. ಮಾಮಾನ ಹೆಬ್ಬೆರಳು ಕೆಂಪಿನ ಮೇಲೆ ಬಿತ್ತು.

"ರುಕ್!"

ಎಂಟು ಕಾಲುಗಳು ಇದ್ದಲ್ಲೇ ನಿಂತವು. ಒಬ್ಬನೂ ಹಿಂದೆ ತಿರುಗಿ ನೋಡಲಿಲ್ಲ. ಯಾಕೆ ಎಂದು ಕೇಳಲಿಲ್ಲ. ಮಾಮಾ ಮತ್ತೆ ಒತ್ತಿದ. "ಸಾವಕಾಶ್." ಮೊಣಕಾಲು ಮಡಿಸುತ್ತ ಇಳಿಸತೊಡಗಿದರು. "ಸಾವಕಾಶ್. ಸಾವಕಾಶ್." ಕಲ್ಲು ನೆಲಕ್ಕೆ ತಾಗಿ, ಅವರು ಕೈ ಬಿಟ್ಟು ಹಿಂದಕ್ಕೆ ಸರಿದದ್ದೇ ತಡ, ಅದು ನಡುವೆ ಬಿರಿದು ಎರಡಾಗಿ ಬಿತ್ತು. ಉಸ್ತಾದನ ಕಾಲಿದ್ದ ಜಾಗದ ಮೇಲೆ ಒಂದು ಹೋಳು ಮಲಗಿತ್ತು.

ಮಾಮಾನ ಬೆರಳು ಇನ್ನೂ ಪರದೆಯ ಮೇಲೇ ಇತ್ತೋ ಏನೋ, ಅದು ಮತ್ತೊಮ್ಮೆ ಕೆಂಪಿಗೆ ತಾಗಿ "ರುಕ್!" ಎಂದು ಸ್ಪೀಕರ್ ಡಿಪೋ ತುಂಬ ಕಿರುಚಿತು. ಉಸ್ತಾದ್ ಬೆನ್ನು ತಿರುಗಿಸಿಕೊಂಡು ನಿಂತಿದ್ದ. ಮುರಿದ ಕಲ್ಲನ್ನೇ ನೋಡುತ್ತ, ಬೆವರು ಒರೆಸಿಕೊಳ್ಳುತ್ತ, ತಿರುಗದೆ ಬೈದ.

"ಲೇ, ಅಷ್ಟ್ಯಾಕ ಒದರ್ತೀಯೋ? ಕೇಳಸ್ತದ ನಮಗ. ಕಿವುಡ್ರೇನ್ ನಾವು?"

ಅಂದ ಮೇಲೆ ತಾನು ಏನು ಅಂದೆ ಎಂದು ಅವನಿಗೆ ಹೊಳೆದಿರಬೇಕು, ಸರಕ್ಕನೆ ತಿರುಗಿದ. ಅಷ್ಟರಲ್ಲಿ ಮಾಮಾನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಭುಜಗಳು ನಗುವಿಗೆ ಕುಲುಕುತ್ತಿದ್ದವು. ಹನ್ನೊಂದು ತಿಂಗಳಿಂದ ಅವನಿಗೆ ಯಾರೂ ಒದರಬೇಡ ಎಂದಿರಲಿಲ್ಲ. ಅವನು ಸ್ಪೀಕರಿನ ಸದ್ದನ್ನು ಕಡಿಮೆ ಮಾಡಲಿಲ್ಲ. ಮೂಗು ಒರೆಸಿಕೊಂಡು ಮುಂದಿನ ಕಲ್ಲಿನ ಮೇಲೆ ಅಂಗೈ ಇಟ್ಟ.